ಅಣ್ಣನ ಸಕ್ಕರೆ ಕಾಯಿಲೆಗೆ ಎಷ್ಟು ವರ್ಷ?

2023ರ ನವೆಂಬರ್, ದೀಪಾವಳಿ ಮುಗಿದ ಮರುವಾರ. ರಾಣೆಬೆನ್ನೂರಿನಿಂದ ಹರಿಹರ ದಾಟಿ ಅಣ್ಣನನ್ನು ದಾವಣಗೆರೆಯ ಆಸ್ಪತ್ರೆಗೆ ಕರೆತಂದಾಗ ರಾತ್ರಿ ಹನ್ನೊಂದೂವರೆ. ಅವನ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು. ಇಸಿಜಿ ಪಟ್ಟಿ ನೋಡಿದ ಕೂಡಲೇ ಹೃದಯಾಘಾತ ಎಂದರು. ನಾನು ಮುಂಗಡ ಹಣ ಕಟ್ಟಲು ಕೌಂಟರಿನ ಮುಂದೆ ನಿಂತಿದ್ದೆ. ಒಳಗೆ ಅತ್ತಿಗೆ ಅಣ್ಣನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಕರ್ತವ್ಯದಲ್ಲಿದ್ದ ಎಳೆಯ ವೈದ್ಯರು ಅವರನ್ನು ಕೇಳಿದರು: "ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ?"

"ಐದಾರು ವರ್ಷ ಆಗಿರಬೇಕು ಸಾರ್," ಎಂದರು ಅತ್ತಿಗೆ.

ವೈದ್ಯರು ಅದನ್ನು ಕೇಸ್ ಶೀಟಿನಲ್ಲಿ ಬರೆದುಕೊಂಡರು. ಆ ಒಂದು ಸಾಲಿನ ಬೆಲೆ 2,86,000 ರೂಪಾಯಿ ಎಂದು ಆ ಹೊತ್ತಿನಲ್ಲಿ ಯಾರಿಗೆ ತಿಳಿದೀತು?

ಆ ಉತ್ತರ ತಪ್ಪು. ಅದು ತಪ್ಪೆಂದು ನನ್ನಷ್ಟು ಖಚಿತವಾಗಿ ಬಲ್ಲವರು ಬೇರೆ ಯಾರೂ ಇಲ್ಲ. ಅಣ್ಣನ ರಕ್ತದಲ್ಲಿ ಸಕ್ಕರೆ ಏರಿದ್ದನ್ನು ಮೊದಲು ಕಂಡದ್ದು ನಾನು. ದಾವಣಗೆರೆಯ ಒಂದು ರಕ್ತ ಪರೀಕ್ಷಾ ಕೇಂದ್ರದಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಲ್ಯಾಬ್ ಟೆಕ್ನೀಶಿಯನ್. ನಮ್ಮ ತಂದೆ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟು ತೀರಿಕೊಂಡವರು. ಆ ಭಯದಿಂದ ನಾನೊಂದು ಕಟ್ಟಳೆ ಮಾಡಿದ್ದೆ. ಡಿಸೆಂಬರಿನಲ್ಲಿ ಅಪ್ಪನ ತಿಥಿಗೆ ಒಡಹುಟ್ಟಿದವರೆಲ್ಲ ನಮ್ಮ ಮನೆಯಲ್ಲಿ ಸೇರುತ್ತಾರೆ. ಮರುದಿನ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಎಲ್ಲರೂ ಲ್ಯಾಬಿಗೆ ಬಂದು ರಕ್ತ ಕೊಡಬೇಕು. 2020ರ ಡಿಸೆಂಬರಿನಲ್ಲಿ ಅಣ್ಣನ ಖಾಲಿ ಹೊಟ್ಟೆಯ ಸಕ್ಕರೆ 92, ಕೆಲವು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 5.4. ಎರಡೂ ಸರಿಯಾದ ಅಂಕಿಗಳು. 2021ರ ತಿಥಿಗೆ ಅವನು ಬರಲಿಲ್ಲ. 2022ರ ಫೆಬ್ರವರಿಯಲ್ಲಿ ಒಂದು ಮದುವೆಗೆಂದು ಬಂದವನು ರಾತ್ರಿ ನಾಲ್ಕು ಸಲ ಎದ್ದು ಬಚ್ಚಲಿಗೆ ಹೋಗಿದ್ದು ನನಗೆ ಕೇಳಿಸಿತು. ಬೆಳಿಗ್ಗೆ ಬಿಡದೆ ಕರೆದುಕೊಂಡು ಹೋಗಿ ರಕ್ತ ತೆಗೆದೆ. 214. ಎಚ್‌ಬಿಎ1ಸಿ 8.4. ಯಂತ್ರದ ಮುಂದೆ ಕುಳಿತು ಅತ್ತೆ. ಅದೇ ದಿನ ಮಧ್ಯಾಹ್ನ ವೈದ್ಯರಿಗೆ ತೋರಿಸಿದೆವು. ಅವರು ಚೀಟಿಯಲ್ಲಿ "ಹೊಸದಾಗಿ ಪತ್ತೆಯಾದ ಮಧುಮೇಹ" ಎಂದು ಇಂಗ್ಲಿಷಿನಲ್ಲಿ ಬರೆದು ಮಾತ್ರೆ ಶುರುಮಾಡಿದರು.

ಅಣ್ಣ ಆರೋಗ್ಯ ವಿಮೆ ಮಾಡಿಸಿದ್ದು ಇವೆರಡರ ನಡುವೆ, 2021ರ ಜೂನ್‌ನಲ್ಲಿ. ಕೋವಿಡ್‌ನ ಎರಡನೇ ಅಲೆಯಲ್ಲಿ ಅವನ ಬೀಜದ ಅಂಗಡಿಯ ಪಕ್ಕದ ಅಂಗಡಿಯವರು ಹದಿನೈದು ದಿನ ಆಕ್ಸಿಜನ್ ಮೇಲಿದ್ದು ಹೋಗಿಬಿಟ್ಟರು. ಅವರ ಮನೆಯವರು ಹೊಲ ಮಾರಬೇಕಾಯಿತು. ಅದನ್ನು ಕಂಡು ಹೆದರಿದ ಅಣ್ಣ ತನಗೂ ಅತ್ತಿಗೆಗೂ ಸೇರಿಸಿ 5 ಲಕ್ಷದ ಪಾಲಿಸಿ ತೆಗೆದುಕೊಂಡ. ಅರ್ಜಿಯಲ್ಲಿ ಸಕ್ಕರೆ ಕಾಯಿಲೆ ಇದೆಯೇ ಎಂಬ ಪ್ರಶ್ನೆಗೆ "ಇಲ್ಲ" ಎಂದು ಉತ್ತರಿಸಿದ್ದ. ಅದು ನಿಜವೂ ಆಗಿತ್ತು.

ಆಸ್ಪತ್ರೆಗೆ ಸೇರಿದ ಎರಡನೇ ದಿನ ಕ್ಯಾಶ್‌ಲೆಸ್, ಅಂದರೆ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವುದು, ಆಗುವುದಿಲ್ಲವೆಂದು ವಿಮಾ ಕಂಪನಿಯ ಮೇಲ್ ಬಂತು. ಕೇಸ್ ಶೀಟಿನ ಪ್ರಕಾರ ರೋಗಿಗೆ ಐದಾರು ವರ್ಷಗಳಿಂದ ಮಧುಮೇಹವಿದೆ, ಪಾಲಿಸಿ ಶುರುವಾಗಿ ಆದದ್ದು 29 ತಿಂಗಳು, ಹಳೆಯ ಕಾಯಿಲೆಗೆ ಹಣ ಸಿಗಲು ಕಾಯಬೇಕಾದ ಅವಧಿ ಮುಗಿದಿಲ್ಲ, ಮೊದಲೇ ಇದ್ದ ಕಾಯಿಲೆಯನ್ನು ಅರ್ಜಿಯಲ್ಲಿ ತಿಳಿಸಿಲ್ಲ ಎಂದು ಅದರಲ್ಲಿತ್ತು. ಸ್ಟೆಂಟ್ ಹಾಕಿಸಿಕೊಂಡು ಮಲಗಿದ್ದ ಅಣ್ಣನಿಗೆ ಹೇಳದೆ, ಅತ್ತಿಗೆಯ ನಾಲ್ಕು ಬಳೆ ಮತ್ತು ಒಂದು ಸರವನ್ನು ಸೊಸೈಟಿಯಲ್ಲಿ ಅಡವಿಟ್ಟು ಬಿಲ್ ಕಟ್ಟಿದೆವು. ಆಮೇಲೆ ಹಣ ಹಿಂದಿರುಗಿಸಿ ಎಂದು ಹಾಕಿದ ಕ್ಲೇಮ್ ಕೂಡ ಜನವರಿಯಲ್ಲಿ ತಿರಸ್ಕೃತವಾಯಿತು. ಪಾಲಿಸಿಯನ್ನೇ ಏಕೆ ರದ್ದುಮಾಡಬಾರದು ಎಂದು ಬೇರೆ ಕೇಳಿದ್ದರು. ಅತ್ತಿಗೆ ತಮ್ಮ ಮಾತಿನಿಂದಲೇ ಇಷ್ಟೆಲ್ಲ ಆಯಿತೆಂದು ತಿಂಗಳುಗಟ್ಟಲೆ ಕೊರಗಿದರು. ಗಂಡನ ಎದೆ ನೋಯುತ್ತಿರುವಾಗ ಕಾಯಿಲೆಯ ವಯಸ್ಸು ಲೆಕ್ಕ ಹಾಕಿ ಹೇಳಲು ಯಾರಿಗೆ ಆಗುತ್ತದೆ? ನಮ್ಮ ಕಡೆ "ಐದಾರು ವರ್ಷ" ಎಂದರೆ "ಸ್ವಲ್ಪ ಕಾಲದಿಂದ" ಎಂದಷ್ಟೇ ಅರ್ಥ. ದಿನವೂ ಲ್ಯಾಬಿನಲ್ಲಿ ಈ ಮಾತು ಕೇಳುತ್ತೇನೆ. ಹೋದ ವರ್ಷ ಬಿಪಿ ಬಂದವರೂ "ಬಹಳ ವರ್ಷದಿಂದ ಇದೆ ಮೇಡಂ" ಎನ್ನುತ್ತಾರೆ.

ಅಲ್ಲಿಂದ ಮುಂದೆ ನಾನು ಪಾಲಿಸಿಯ ಪುಸ್ತಕ ಹಿಡಿದು ಕುಳಿತೆ. ಮೂವತ್ತೆಂಟು ಪುಟ. ಎಲ್ಲಕ್ಕಿಂತ ಹೆಚ್ಚು ಸಲ ಓದಿದ್ದು ಒಂದೇ ವ್ಯಾಖ್ಯೆಯನ್ನು: ಮೊದಲೇ ಇದ್ದ ಕಾಯಿಲೆ ಎಂದರೆ ಏನು? ಆ ವ್ಯಾಖ್ಯೆ ಕಂಪನಿ ತನ್ನಿಷ್ಟಕ್ಕೆ ಬರೆದದ್ದಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ಮಾತನ್ನು ಕೊಟ್ಟಿದೆ. ಪಾಲಿಸಿ ಆರಂಭವಾಗುವುದಕ್ಕೆ ಮುಂಚಿನ ಇಂತಿಷ್ಟು ತಿಂಗಳೊಳಗೆ ವೈದ್ಯರು ಪತ್ತೆಹಚ್ಚಿದ ಕಾಯಿಲೆ, ಇಲ್ಲವೇ ಆ ಅವಧಿಯಲ್ಲಿ ವೈದ್ಯರು ಸಲಹೆ ಅಥವಾ ಚಿಕಿತ್ಸೆ ಕೊಟ್ಟ, ಸೂಚಿಸಿದ ಕಾಯಿಲೆ. ಅಣ್ಣ ಪಾಲಿಸಿ ತೆಗೆದುಕೊಂಡಾಗ ಆ ಅವಧಿ 48 ತಿಂಗಳು. 2024ರ ಏಪ್ರಿಲ್ 1ರಿಂದ ಅದನ್ನು 36 ತಿಂಗಳಿಗೆ ಇಳಿಸಿದ್ದಾರೆ.

ಈ ವ್ಯಾಖ್ಯೆಯನ್ನು ದಯವಿಟ್ಟು ನಿಧಾನವಾಗಿ ಓದಿ. ಇದರಲ್ಲಿ ದೇಹದೊಳಗೆ ಕಾಯಿಲೆ ಯಾವಾಗ ಹುಟ್ಟಿತು ಎಂಬ ಮಾತೇ ಇಲ್ಲ. ವೈದ್ಯರಿಗೆ ಯಾವಾಗ ಗೊತ್ತಾಯಿತು, ಚಿಕಿತ್ಸೆ ಯಾವಾಗ ಶುರುವಾಯಿತು ಎಂಬುದಷ್ಟೇ ಇದೆ. ದೇಹ ತನ್ನ ಗುಟ್ಟನ್ನು ಎಷ್ಟು ವರ್ಷ ಇಟ್ಟುಕೊಂಡಿತ್ತೆಂದು ಹೇಳುವ ಪರೀಕ್ಷೆ ನಮ್ಮ ಬಳಿ ಇಲ್ಲ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ. 8.4 ಎಂಬ ಅಂಕಿ ನೋಡಿ ಇದು ಮೂರು ತಿಂಗಳದ್ದೋ ಮೂರು ವರ್ಷದ್ದೋ ಎಂದು ಹೇಳಬಲ್ಲ ಯಂತ್ರವನ್ನು ಈ ಹತ್ತೊಂಬತ್ತು ವರ್ಷಗಳಲ್ಲಿ ನಾನು ಕಂಡಿಲ್ಲ. ಆದ್ದರಿಂದ ಎಲ್ಲವೂ ದಿನಾಂಕದ ಮೇಲೆ ನಿಂತಿದೆ. ದಿನಾಂಕ ಇರುವುದು ಕಾಗದದಲ್ಲಿ.

ನನ್ನ ಬಳಿ ಕಾಗದ ಇತ್ತು. ನಮ್ಮ ಲ್ಯಾಬಿನಲ್ಲಿ ಕಂಪ್ಯೂಟರ್ ಇದ್ದರೂ ನಾನು ಉದ್ದದ ರಟ್ಟಿನ ರಿಜಿಸ್ಟರ್ ಬಿಟ್ಟಿಲ್ಲ. ಸಂಖ್ಯೆ, ಹೆಸರು, ವಯಸ್ಸು, ಕಳುಹಿಸಿದ ವೈದ್ಯರು, ಫಲಿತಾಂಶ, ಕೊನೆಗೆ ಪೆಥಾಲಜಿಸ್ಟ್ ಅವರ ಸಹಿ. 2020ರ ಡಿಸೆಂಬರಿನ ಪುಟವನ್ನು ಹುಡುಕಿ ತೆಗೆದಾಗ ಅಂಚಿಗೆ ಗೆದ್ದಲು ಹಿಡಿದಿತ್ತು. ಅಂಕಿಗಳು ಮಾತ್ರ ಚೆನ್ನಾಗಿ ಉಳಿದಿದ್ದವು. ಅಣ್ಣ, ಅವನ ಕೆಳಗೆ ನನ್ನ ತಂಗಿ, ಅವಳ ಕೆಳಗೆ ನಾನು.

ಮೊದಲು ಆಸ್ಪತ್ರೆಗೆ ಹೋದೆ. ಕೇಸ್ ಶೀಟನ್ನು ತಿದ್ದಲು ಆಗುವುದಿಲ್ಲ ಎಂದರು. ಒಂದು ದೃಷ್ಟಿಯಲ್ಲಿ ಅದು ಸರಿ, ದಾಖಲೆಯನ್ನು ಬೇಕೆಂದಾಗ ತಿದ್ದುವಂತಿದ್ದರೆ ಅದಕ್ಕೆ ಬೆಲೆಯೆಲ್ಲಿ? ಆದರೆ ಸ್ಟೆಂಟ್ ಹಾಕಿದ ಹೃದ್ರೋಗ ತಜ್ಞರು ಹಳೆಯ ವರದಿಗಳನ್ನೆಲ್ಲ ನೋಡಿ ಬೇರೆಯೇ ಒಂದು ಪ್ರಮಾಣಪತ್ರ ಬರೆದುಕೊಟ್ಟರು. ದಾಖಲಾಗುವಾಗ ಬರೆದ ವಿವರ ಸಂಬಂಧಿಕರು ಬಾಯಿಮಾತಿನಲ್ಲಿ ಹೇಳಿದ್ದು, ವೈದ್ಯಕೀಯ ದಾಖಲೆಗಳ ಪ್ರಕಾರ ಮಧುಮೇಹ ಪತ್ತೆಯಾದದ್ದು 2022ರ ಫೆಬ್ರವರಿಯಲ್ಲಿ ಎಂದು. ಅವರಿಗೆ ಆ ಹೊತ್ತು ಹೊರಗೆ ಮೂವತ್ತು ರೋಗಿಗಳು ಕಾಯುತ್ತಿದ್ದರು. ಆದರೂ ಹದಿನೈದು ನಿಮಿಷ ಕುಳಿತು ಓದಿ ಬರೆದರು. ಇಂಥ ತೊಡಕಿನಲ್ಲಿ ಸಿಕ್ಕಿಕೊಂಡವರು ಮೊದಲು ಚಿಕಿತ್ಸೆ ಮಾಡಿದ ವೈದ್ಯರನ್ನೇ ಕಾಣಿ.

ಕಂಪನಿಯ ದೂರು ವಿಭಾಗಕ್ಕೆ ಅದನ್ನೆಲ್ಲ ಕಳುಹಿಸಿದೆವು. ಮೂರು ವಾರಕ್ಕೆ ಉತ್ತರ ಬಂತು: ಹಿಂದಿನ ನಿರ್ಧಾರವೇ ಸರಿ. ಈ ಸಲ ಹೊಸದೊಂದು ವಾದ ಸೇರಿಸಿದ್ದರು. ಹೃದಯದ ರಕ್ತನಾಳಗಳಲ್ಲಿ ಈ ಮಟ್ಟದ ಅಡಚಣೆ ಆಗಲು ಹಲವು ವರ್ಷ ಬೇಕು, ಆದ್ದರಿಂದ ಮಧುಮೇಹ ಹಳೆಯದೇ ಇರಬೇಕು ಎಂದು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಅಡಚಣೆಗೆ ಸಕ್ಕರೆಯೊಂದೇ ಕಾರಣವೇ? ವಂಶ, ಬೀಡಿ, ಕೊಬ್ಬು, ವಯಸ್ಸು ಯಾವುದೂ ಲೆಕ್ಕಕ್ಕಿಲ್ಲವೇ? ಅದಕ್ಕಿಂತ ಹೆಚ್ಚಾಗಿ, "ಇರಬೇಕು" ಎಂಬ ಊಹೆಯ ಮೇಲೆ ಒಬ್ಬ ಮನುಷ್ಯನನ್ನು ಸುಳ್ಳುಗಾರ ಎನ್ನುವುದು ಯಾವ ನ್ಯಾಯ?

ಆಗ ಅಣ್ಣನ ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಅತ್ತೆ, ಸುಪ್ರೀಂ ಕೋರ್ಟಿನ ಒಂದು ತೀರ್ಪು ಸಿಕ್ಕಿದೆ, ನೋಡಿ," ಎಂದು ಕಳುಹಿಸಿದ. 2021ರ ಡಿಸೆಂಬರಿನದು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಪ್ರವಾಸ ವಿಮೆ ಮಾಡಿಸಿಕೊಂಡು ಅಮೆರಿಕಕ್ಕೆ ಹೋದ ಒಬ್ಬರಿಗೆ ಅಲ್ಲಿ ಇಳಿಯುತ್ತಿದ್ದಂತೆ ಹೃದಯಾಘಾತವಾಗಿ, ಕಂಪನಿ ಹಣ ಕೊಡಲು ಒಪ್ಪದ ಪ್ರಕರಣ ಅದು. ಅವರು ತಮಗೆ ಮಧುಮೇಹ ಇದೆಯೆಂದು ಮೊದಲೇ ಹೇಳಿದ್ದರು, ವೈದ್ಯಕೀಯ ಪರೀಕ್ಷೆಯೂ ಆಗಿತ್ತು. ಎಲ್ಲ ನೋಡಿ ಪಾಲಿಸಿ ಕೊಟ್ಟ ಮೇಲೆ ಅದೇ ಕಾಯಿಲೆಯ ನೆಪ ಹೇಳಿ ಕೈಬಿಡುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ನನಗೆ ಬೇಕಾಗಿದ್ದ ಮಾತೂ ಅದರಲ್ಲಿತ್ತು: ವಿಮೆ ಮಾಡಿಸುವವನು ತನಗೆ ತಿಳಿದಿರುವ ಮುಖ್ಯ ಸಂಗತಿಗಳನ್ನು ಮುಚ್ಚಿಡಬಾರದು, ತಿಳಿಯದೇ ಇರುವುದನ್ನು ಹೇಳು ಎನ್ನುವಂತಿಲ್ಲ.

2024ರ ಏಪ್ರಿಲ್‌ನಲ್ಲಿ, ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ವಿಚಾರಿಸುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟೆವು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಈ ದಾರಿ ಇದೆಯೆಂಬುದೇ ನಮ್ಮ ಊರುಗಳಲ್ಲಿ ಬಹಳ ಜನರಿಗೆ ಗೊತ್ತಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು. ಅವರು ತಿರಸ್ಕರಿಸಿದರೆ, ಅಥವಾ ಒಂದು ತಿಂಗಳು ಸುಮ್ಮನಿದ್ದರೆ, ಒಂದು ವರ್ಷದೊಳಗೆ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳುವ ಹಾಗೂ ಇಲ್ಲ, ನಿಮ್ಮ ಮಾತನ್ನು ನೀವೇ ಹೇಳಬೇಕು. 50 ಲಕ್ಷ ರೂಪಾಯಿವರೆಗಿನ ತಕರಾರನ್ನು ಅವರು ವಿಚಾರಿಸಬಲ್ಲರು. ಅವರು ಕೊಟ್ಟ ತೀರ್ಪನ್ನು ಕಂಪನಿ 30 ದಿನದೊಳಗೆ ಪಾಲಿಸಬೇಕು. 2024ರ ಮೇ ತಿಂಗಳಲ್ಲಿ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯ ಪ್ರಕಾರ, ತಡಮಾಡಿದರೆ ದಿನಕ್ಕೆ 5,000 ರೂಪಾಯಿಯಂತೆ ದೂರುದಾರನಿಗೆ ದಂಡ ಕೊಡಬೇಕು.

ವಿಚಾರಣೆ ಆಗಸ್ಟ್‌ನಲ್ಲಿ ವೀಡಿಯೊ ಮೂಲಕ ನಡೆಯಿತು. ಅಣ್ಣ ಬೀಜದ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೆಕ್ಕೆಜೋಳದ ಚೀಲಗಳ ಮುಂದೆ ಕುಳಿತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ನಾನು ಪಕ್ಕದಲ್ಲಿ, ಪರದೆಯಲ್ಲಿ ಕಾಣದ ಹಾಗೆ, ಕಾಗದಗಳನ್ನು ಒಂದೊಂದಾಗಿ ಕೊಡುತ್ತಿದ್ದೆ. ಕಂಪನಿಯ ಕಡೆಯವರು ಒಂದು ಮಾತು ಎತ್ತಿದರು. 2020ರ ರಕ್ತ ವರದಿ ಬಂದಿರುವ ಲ್ಯಾಬಿನಲ್ಲಿ ದೂರುದಾರರ ತಂಗಿಯೇ ಕೆಲಸ ಮಾಡುತ್ತಾರೆ, ಅದನ್ನು ಹೇಗೆ ನಂಬುವುದು? ನನ್ನ ಕೈಕಾಲು ತಣ್ಣಗಾದವು. ಆ ಪ್ರಶ್ನೆ ತಪ್ಪೆಂದು ಈಗಲೂ ನಾನು ಹೇಳುವುದಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಕೇಳುತ್ತಿದ್ದೆ. ಅಣ್ಣ ತಡವರಿಸಲಿಲ್ಲ. ರಿಜಿಸ್ಟರ್ ಪುಟದ ಹಿಂದಿನ ಮುಂದಿನ ಕ್ರಮಸಂಖ್ಯೆಗಳನ್ನೂ ಪೆಥಾಲಜಿಸ್ಟರ ಸಹಿಯನ್ನೂ ಕ್ಯಾಮೆರಾಗೆ ತೋರಿಸಿದ. ಆಮೇಲೆ 2022ರ ಚೀಟಿ ಹಿಡಿದ. ಆ ವೈದ್ಯರಿಗೂ ನಮಗೂ ಯಾವ ಸಂಬಂಧವೂ ಇರಲಿಲ್ಲ. "ಹೊಸದಾಗಿ ಪತ್ತೆಯಾದ" ಎಂದು ಬರೆದಿದ್ದ ಆ ಚೀಟಿ, ಅದೇ ದಿನ ಅಶೋಕ ರಸ್ತೆಯ ಔಷಧಿ ಅಂಗಡಿಯಲ್ಲಿ ಮೊದಲ ಸಲ ಮೆಟ್‌ಫಾರ್ಮಿನ್ ಕೊಂಡ ಬಿಲ್ಲು. ಅತ್ತಿಗೆ ಆ ಬಿಲ್ಲನ್ನು ಪಂಚಾಂಗದ ಒಳಗೆ ಇಟ್ಟಿದ್ದರಿಂದ ಉಳಿದಿತ್ತು.

ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ಅಣ್ಣನಿಗೆ 2,51,000 ರೂಪಾಯಿ ಕೊಡಬೇಕು, ಪಾಲಿಸಿ ಮುಂದುವರಿಸಬೇಕು. ಕೈಗವಸು ಇತ್ಯಾದಿ ಪಾಲಿಸಿಯಲ್ಲಿ ಬಾರದ ಬಾಬ್ತುಗಳನ್ನು ಕಳೆದಿದ್ದರು, ಅದು ನ್ಯಾಯವೇ. ತಿಂಗಳೊಳಗೆ ಹಣ ಖಾತೆಗೆ ಬಂತು. ಬಳೆಗಳು ಮನೆಗೆ ಬಂದ ದಿನ ಅತ್ತಿಗೆ ನನಗೆ ಫೋನ್ ಮಾಡಿದರು. ಮಾತನಾಡಲು ಆಗದೆ ಫೋನನ್ನು ಅಣ್ಣನ ಕೈಗೆ ಕೊಟ್ಟರು.

ಇಷ್ಟು ಓದಿ ಕಂಪನಿಗಳೆಲ್ಲ ಮೋಸಗಾರರು ಎಂದುಕೊಂಡರೆ ನಾನು ಬರೆದದ್ದು ವ್ಯರ್ಥ. ಅಣ್ಣ ಗೆದ್ದದ್ದು ಅವನು ನಿಜ ಹೇಳಿದ್ದರಿಂದ. ನಮ್ಮ ಚಿಕ್ಕಪ್ಪನ ಕಥೆ ಹಾಗಿರಲಿಲ್ಲ. ಎಂಟು ವರ್ಷಗಳಿಂದ ಬಿಪಿ ಮಾತ್ರೆ ನುಂಗುತ್ತಿದ್ದರು. ಪಾಲಿಸಿ ಮಾಡಿಸುವಾಗ ಏಜೆಂಟ್ ಮೊಬೈಲಿನಲ್ಲೇ ಅರ್ಜಿ ತುಂಬಿದ. ಕಾಯಿಲೆಗಳ ಪಟ್ಟಿಗೆಲ್ಲ ಒಟ್ಟಾಗಿ "ಇಲ್ಲ" ಒತ್ತಿ, "ಒಂದು ಒಟಿಪಿ ಬರುತ್ತದೆ, ಹೇಳಿ ಯಜಮಾನರೇ," ಎಂದ. ಚಿಕ್ಕಪ್ಪ ಹೇಳಿದರು. ಆ ಆರು ಅಂಕಿಗಳೇ ಅವರ ಸಹಿ. ಎರಡು ವರ್ಷದ ಮೇಲೆ ಮೆದುಳಿನಲ್ಲಿ ರಕ್ತಸ್ರಾವವಾದಾಗ ಕ್ಲೇಮ್ ಬರಲಿಲ್ಲ. ಔಷಧಿ ಅಂಗಡಿಯ ಹಳೆಯ ಬಿಲ್ಲುಗಳೇ ಅವರ ವಿರುದ್ಧ ಸಾಕ್ಷಿಯಾದವು. ಅವರಿಗಾಗಿ ನಾನು ಯಾವ ರಿಜಿಸ್ಟರ್ ತೆರೆಯಲಿ? ತೆರೆದಿದ್ದರೆ ಅದರಲ್ಲೂ ಅವರ ಬಿಪಿಯೇ ಇರುತ್ತಿತ್ತು. ಏಜೆಂಟನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಒಂದು ಪಾಲಿಸಿ ಬೇಗ ಮುಗಿಸುವ ಆತುರಕ್ಕೆ ಒಂದು ಸಂಸಾರ ಸಾಲದಲ್ಲಿ ಬಿತ್ತು.

ಮೊದಲೇ ಕಾಯಿಲೆ ಇದೆ ಎಂದು ಹೇಳಿದರೆ ವಿಮೆಯೇ ಸಿಗುವುದಿಲ್ಲ ಎಂಬ ಭಯ ಇದಕ್ಕೆಲ್ಲ ಮೂಲ. ಅದು ಪೂರ್ತಿ ಸುಳ್ಳಲ್ಲ. 2024ರ ಜುಲೈನಲ್ಲಿ ನಾನು ನನ್ನದೇ ಪಾಲಿಸಿ ತೆಗೆದುಕೊಂಡೆ. 2016ರಿಂದ ನನಗೆ ಥೈರಾಯ್ಡ್ ಕೊರತೆ, ದಿನಕ್ಕೆ 50 ಮೈಕ್ರೋಗ್ರಾಂ ಮಾತ್ರೆ. 2019ರಲ್ಲಿ ಗರ್ಭಕೋಶದ ಗೆಡ್ಡೆ ತೆಗೆಸಿಕೊಂಡಿದ್ದೇನೆ. "ಥೈರಾಯ್ಡ್ ಯಾರಿಗಿಲ್ಲ ಮೇಡಂ, ಬರೆಯುವುದು ಬೇಡ," ಎಂದರು ಏಜೆಂಟ್. ನಾನು ಫೋನನ್ನು ಅವರ ಕೈಯಿಂದ ತೆಗೆದುಕೊಂಡು ಒಂದೊಂದೇ ಪ್ರಶ್ನೆ ಓದಿ ನಾನೇ ತುಂಬಿದೆ. ಮೊದಲ ಕಂಪನಿ ಬೇಡವೆಂದಿತು. ಎರಡನೆಯದು ಶೇಕಡಾ 15 ಹೆಚ್ಚು ಪ್ರೀಮಿಯಂ ಕೇಳಿ, ಥೈರಾಯ್ಡ್‌ಗೆ ಸಂಬಂಧಿಸಿದ ಚಿಕಿತ್ಸೆಗೆ 36 ತಿಂಗಳು ಕಾಯಬೇಕೆಂದು ಬರೆದು ಒಪ್ಪಿತು. 2027ರ ಜುಲೈವರೆಗೆ ನಾನು ಕಾಯಬೇಕು. ಕಾಯುತ್ತೇನೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನನ್ನ 2019ರ ಶಸ್ತ್ರಚಿಕಿತ್ಸೆ ವ್ಯಾಖ್ಯೆ ಹೇಳುವ, ಪಾಲಿಸಿಗೆ ಮುಂಚಿನ 36 ತಿಂಗಳ ಲೆಕ್ಕಕ್ಕೆ ಹೊರಗಿನದು, ಆಮೇಲೆ ಅದಕ್ಕೆ ಯಾವ ಚಿಕಿತ್ಸೆಯೂ ಇರಲಿಲ್ಲ. ಹಾಗಾಗಿ ವ್ಯಾಖ್ಯೆಯ ಪ್ರಕಾರ ಅದು "ಮೊದಲೇ ಇದ್ದ ಕಾಯಿಲೆ" ಆಗುವುದಿಲ್ಲ. ಆದರೂ ಅರ್ಜಿಯಲ್ಲಿ "ಎಂದಾದರೂ ಶಸ್ತ್ರಚಿಕಿತ್ಸೆ ಆಗಿದೆಯೇ?" ಎಂದು ಕೇಳಿದ್ದರು, ಆದ್ದರಿಂದ ಬರೆದೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಬೇರೆ, ಕಾಯುವ ಅವಧಿಯ ಲೆಕ್ಕ ಬೇರೆ. ಇವೆರಡನ್ನು ಒಂದೇ ಎಂದುಕೊಂಡು ಹಳೆಯ ಸಂಗತಿಗಳನ್ನು ಬಿಡುವವರು ಬಹಳ. ಥೈರಾಯ್ಡ್ ಪತ್ತೆಯಾದದ್ದು 2016ರಲ್ಲಾದರೂ ಮಾತ್ರೆ ಇಂದಿಗೂ ನಡೆಯುತ್ತಿರುವುದರಿಂದ ಅದು ಲೆಕ್ಕಕ್ಕೆ ಬರುತ್ತದೆ.

ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯಲ್ಲಿ 36 ತಿಂಗಳು ಎನ್ನುವುದು ಗರಿಷ್ಠ ಮಿತಿ. ಅದಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಕಡಿಮೆ ಮಾಡಲು ಅಡ್ಡಿಯಿಲ್ಲ. ಹೆಚ್ಚು ಪ್ರೀಮಿಯಂ ತೆಗೆದುಕೊಂಡು ಸಕ್ಕರೆ, ಬಿಪಿಗೆ ಕಾಯುವ ಅವಧಿಯನ್ನು ಬಹಳ ಇಳಿಸುವ ಪಾಲಿಸಿಗಳೂ ಇವೆ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಚಿಪ್ಪಿನ ಬದಲಾವಣೆಯಂಥವಕ್ಕೆ ಬೇರೆಯದೇ ಕಾಯುವ ಅವಧಿ ಇರುತ್ತದೆ. ಕಾಯಿಲೆ ನಿಮಗೆ ಮೊದಲೇ ಇದ್ದಿರಲಿ, ಇಲ್ಲದಿರಲಿ, ಅದು ಅನ್ವಯಿಸುತ್ತದೆ. ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಸಮಯವಿದೆ, ಇಷ್ಟವಾಗದಿದ್ದರೆ ಹಿಂದಿರುಗಿಸಬಹುದು. ಆ 30 ದಿನದಲ್ಲಿ ಮಾಡಲೇಬೇಕಾದ ಕೆಲಸವೆಂದರೆ ಅದರ ಜೊತೆಗಿರುವ ಅರ್ಜಿಯ ಪ್ರತಿಯನ್ನು ಓದುವುದು. ನಿಮ್ಮ ಹೆಸರಿನಲ್ಲಿ ಯಾರು ಏನು ಉತ್ತರ ಕೊಟ್ಟಿದ್ದಾರೆಂದು ಅಲ್ಲಿ ಕಾಣುತ್ತದೆ. ತಪ್ಪಿದ್ದರೆ ಆಗಲೇ ಬರೆದು ತಿಳಿಸಿ.

ಅಣ್ಣ 2024ರ ನವೀಕರಣದಲ್ಲಿ ಮೊತ್ತವನ್ನು 5ರಿಂದ 10 ಲಕ್ಷಕ್ಕೆ ಏರಿಸಿದ. ಹೆಚ್ಚಿಸಿದ 5 ಲಕ್ಷದ ಮಟ್ಟಿಗೆ ಅವನ ಸಕ್ಕರೆ, ಅವನ ಹೃದಯ ಎರಡೂ ಈಗ ಮೊದಲೇ ಇದ್ದ ಕಾಯಿಲೆಗಳೇ. ಆ ಭಾಗಕ್ಕೆ ಕಾಯುವ ಅವಧಿ ಹೊಸದಾಗಿ ಶುರುವಾಗುತ್ತದೆ. ಬೇರೆ ಕಂಪನಿಗೆ ಹೋದರೂ ಹಾಗೆಯೇ: ಹಳೆಯ ಮೊತ್ತದವರೆಗೆ ಕಾದ ತಿಂಗಳುಗಳು ಜೊತೆಗೆ ಬರುತ್ತವೆ, ಏರಿಸಿದ ಮೊತ್ತಕ್ಕೆ ಬರುವುದಿಲ್ಲ. ಇದನ್ನು ಅವನಿಗೆ ಅರ್ಥಮಾಡಿಸಲು ನಾನು ಎರಡು ಭತ್ತದ ಚೀಲಗಳ ಉದಾಹರಣೆ ಕೊಡಬೇಕಾಯಿತು. ಒಂದು ಹಳೆಯ ಬೆಳೆ, ಒಂದು ಹೊಸದು. ಹೊಸದು ಹಣ್ಣಾಗಲು ಅದರದೇ ಕಾಲ ಬೇಕು. ಇನ್ನು ಪಾಲಿಸಿ ನಿರಂತರವಾಗಿ 60 ತಿಂಗಳು ನಡೆದರೆ, ಸಾಬೀತಾದ ವಂಚನೆಯ ಹೊರತು, ಅರ್ಜಿಯಲ್ಲಿ ಮುಚ್ಚಿಟ್ಟಿರಿ ಎಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ಹಿಂದೆ ಇದಕ್ಕೆ ಎಂಟು ವರ್ಷ ಬೇಕಿತ್ತು, 2024ರಲ್ಲಿ ಐದಕ್ಕೆ ಇಳಿಯಿತು. ಅಣ್ಣನ ಮೊದಲ 5 ಲಕ್ಷಕ್ಕೆ ಆ ಐದು ವರ್ಷ 2026ರ ಜೂನ್‌ಗೆ ಲೆಕ್ಕ. ಒಂದು ಕಂತನ್ನೂ ತಪ್ಪಿಸಬೇಡ ಎಂದು ಅವನಿಗೆ ಪ್ರತಿ ಮೇ ತಿಂಗಳು ನೆನಪಿಸುತ್ತೇನೆ. ಗಡುವು ಮೀರಿ ಪಾಲಿಸಿ ಕಡಿದುಹೋದರೆ ಕಾದ ತಿಂಗಳೆಲ್ಲ ನೀರುಪಾಲು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ ಹೋಗಿರುವುದು ಈ ಮನೆಗಳಿಗೆ ಸಣ್ಣ ನೆರವಲ್ಲ.

ಇದನ್ನೆಲ್ಲ ಈಗ ಬರೆಯಲು ಕೂರಿಸಿದ್ದು ಹೋದ ವಾರ ಲ್ಯಾಬಿಗೆ ಬಂದ ಒಬ್ಬರು. ಶಾಲಾ ಬಸ್ ಓಡಿಸುವವರು, ನಲವತ್ತೈದರ ಆಸುಪಾಸು. ಕೈ ಚಾಚುವ ಮೊದಲೇ ತಗ್ಗಿದ ದನಿಯಲ್ಲಿ ಕೇಳಿದರು: "ಮೇಡಂ, ವರದಿಯನ್ನು ನನ್ನ ಹೆಂಡತಿಯ ಹೆಸರಿನಲ್ಲಿ ಮಾಡಿಕೊಡುತ್ತೀರಾ? ಮುಂದಿನ ತಿಂಗಳು ವಿಮೆ ಮಾಡಿಸಬೇಕು. ಸಕ್ಕರೆ ಬಂದರೆ ಕಷ್ಟ." ಇಂಥ ಮಾತು ತಿಂಗಳಿಗೆ ಎರಡು ಸಲವಾದರೂ ಕೇಳುತ್ತೇನೆ. ದಿನಾಂಕ ಮುಂದೆ ಹಾಕಿ ಎನ್ನುವವರು, ವರದಿ ಕೊಡಬೇಡಿ ಬಾಯಲ್ಲಿ ಹೇಳಿ ಎನ್ನುವವರು. ಅವರನ್ನು ಗದರಿಸಲು ನನಗೆ ಮನಸ್ಸು ಬರುವುದಿಲ್ಲ. ಎಲ್ಲರ ಹಿಂದೆಯೂ ಒಂದು ಹೆದರಿದ ಸಂಸಾರವಿದೆ. ಆದರೆ ಬೇರೆ ಹೆಸರಿನಲ್ಲಿ ಬರೆದರೆ ಹೆಂಡತಿಯ ಹೆಸರಿಗೆ ಇಲ್ಲದ ಕಾಯಿಲೆ ಅಂಟುತ್ತದೆ, ಅವರ ಕಾಯಿಲೆಗೆ ಚಿಕಿತ್ಸೆ ತಪ್ಪುತ್ತದೆ. ನಾನು ರಿಜಿಸ್ಟರ್ ಮುಚ್ಚಿಟ್ಟು ಅವರ ಎದುರಿನ ಸ್ಟೂಲಿನಲ್ಲಿ ಕುಳಿತೆ. ಅಣ್ಣನ ಕಥೆಯನ್ನೂ ಚಿಕ್ಕಪ್ಪನ ಕಥೆಯನ್ನೂ ಹೇಳಿದೆ.

ಪಡಿತರ ಚೀಟಿ ಯಾವುದು ಎಂದು ಕೇಳಿದೆ. ಬಿಪಿಎಲ್ ಎಂದರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅವರ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಅಲ್ಲಿ ಕಾಯಿಲೆ ಮೊದಲೇ ಇತ್ತೇ ಎಂದು ಯಾರೂ ಕೇಳುವುದಿಲ್ಲ, ಕಾಯುವ ಅವಧಿಯೂ ಇಲ್ಲ ಎಂದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ಎಪಿಎಲ್ ಆಗಿದ್ದ ಅಣ್ಣನಿಗೆ ಅದೇ ಯೋಜನೆಯಲ್ಲಿ ಸಿಗುವುದು ಚಿಕಿತ್ಸೆಯ ನಿಗದಿತ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಖಾಸಗಿ ವಿಮೆಯನ್ನೂ ಮಾಡಿಸುವುದಿದ್ದರೆ ಮಾಡಿಸಿ, ಇವತ್ತಿನ ಅಂಕಿ ಏನೇ ಬಂದರೂ ಬರೆದು ಮಾಡಿಸಿ ಎಂದೆ. ಅವರು ಏನೂ ಹೇಳದೆ ಎದ್ದು ಹೋದರು. ಇನ್ನು ಬರುವುದಿಲ್ಲವೇನೋ ಎಂದುಕೊಂಡೆ.

ಮರುದಿನ ಏಳು ಗಂಟೆಗೆ ಬಾಗಿಲು ತೆಗೆಯುವಾಗ ಮೆಟ್ಟಿಲಿನ ಮೇಲೆ ಕುಳಿತಿದ್ದರು. "ರಾತ್ರಿ ಎಂಟರಿಂದ ಏನೂ ತಿಂದಿಲ್ಲ," ಎಂದರು. ಹೆಸರು ಕೇಳಿದೆ. ಅವರದೇ ಹೆಸರು ಹೇಳಿದರು. ಎಡಗೈಯ ನರ ಸುಲಭವಾಗಿ ಸಿಕ್ಕಿತು. ಒಂಬತ್ತರ ಹೊತ್ತಿಗೆ ಫಲಿತಾಂಶ ಬಂತು, 131. ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು, ಇವತ್ತೇ ವೈದ್ಯರಿಗೆ ತೋರಿಸಿ ಎಂದು ಹೇಳಿ ವರದಿ ಕೊಟ್ಟೆ. ಅವರು ಅದನ್ನು ಎರಡಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ನಿಂತು, ಮತ್ತೆ ಹೊರಗೆ ತೆಗೆದು ದಿನಾಂಕ ಎಲ್ಲಿದೆ ಎಂದು ಕೇಳಿದರು. ತೋರಿಸಿದೆ.